ಫಾರ್ಮಸಿಸ್ಟರ ಸಾಮರ್ಥ್ಯ: ಜಾಗತಿಕ ಮಾನದಂಡ, ಮಲೆನಾಡಿನ ಅಳವಡಿಕೆ

ಆಷಾಢದ ಮಳೆ ಹಿಡಿದು ವಾರವಾಗಿದೆ ಎಂದುಕೊಳ್ಳಿ. ಕಳಸದ ಪೇಟೆಯ ಔಷಧಿ ಅಂಗಡಿಗೆ ತೋಟದ ಕೆಲಸಗಾರರೊಬ್ಬರು ಬರುತ್ತಾರೆ. "ಮೂರು ದಿನದಿಂದ ಜ್ವರ, ಮೈಕೈ ನೋವು. ಒಂದು ಒಳ್ಳೆ ಮಾತ್ರೆ ಕೊಡಿ ಅಣ್ಣಾ" ಎನ್ನುತ್ತಾರೆ. ಕೈಯಲ್ಲಿ ವೈದ್ಯರ ಚೀಟಿ ಇಲ್ಲ. ಬಸ್ಸಿಗೆ ಇನ್ನು ಹತ್ತು ನಿಮಿಷ. ಕೌಂಟರಿನ ಹಿಂದೆ ಇರುವವರಿಗೆ ಆ ಹತ್ತು ನಿಮಿಷದಲ್ಲಿ ಏನು ಗೊತ್ತಿರಬೇಕು? ಏನು ಕೇಳಬೇಕು? ಏನು ಕೊಡಬೇಕು, ಏನು ಕೊಡಬಾರದು?

ಸರಳವಾಗಿ ಕಾಣುವ ಈ ಪ್ರಶ್ನೆಗೆ ಉತ್ತರ ಹುಡುಕಲು ಜಗತ್ತಿನ ಔಷಧ ತಜ್ಞರು ದಶಕಗಳಿಂದ ಶ್ರಮಿಸಿದ್ದಾರೆ. ಅವರು ಸಿದ್ಧಪಡಿಸಿದ ಮಾನದಂಡಗಳನ್ನು ಬಾಬಾಬುಡನ್‌ಗಿರಿಯ ಸುತ್ತಲಿನ ಚಿಕ್ಕಮಗಳೂರು, ಮೂಡಿಗೆರೆ, ಕಳಸದ ಅಂಗಡಿಗಳಿಗೆ ಹೇಗೆ ಹೊಂದಿಸಿಕೊಳ್ಳಬಹುದು ಎಂಬುದನ್ನು ಈ ಲೇಖನದಲ್ಲಿ ನೋಡೋಣ.

ಸಾಮರ್ಥ್ಯ ಎಂದರೇನು?

ಪದವಿ ಒಂದು, ಸಾಮರ್ಥ್ಯ ಇನ್ನೊಂದು. ಆಸ್ಪಿರಿನ್ ರಕ್ತ ಹೆಪ್ಪುಗಟ್ಟುವುದನ್ನು ತಡೆಯುತ್ತದೆ ಎಂದು ಪರೀಕ್ಷೆಯಲ್ಲಿ ಬರೆಯುವುದು ಜ್ಞಾನ. ವಸಡಿನಲ್ಲಿ ರಕ್ತ ಬರುತ್ತಿರುವ ಜ್ವರದ ರೋಗಿಗೆ ಆಸ್ಪಿರಿನ್ ಕೊಡದೆ, ಏಕೆ ಕೊಡುವುದಿಲ್ಲವೆಂದು ತಿಳಿಸಿ, ಆಸ್ಪತ್ರೆಗೆ ಕಳಿಸುವುದು ಸಾಮರ್ಥ್ಯ. ಜ್ಞಾನ, ಕೌಶಲ, ಮನೋಭಾವ ಈ ಮೂರೂ ಕೂಡಿ ಕೆಲಸದಲ್ಲಿ ಕಾಣಿಸಿಕೊಂಡಾಗ ಮಾತ್ರ ಅದನ್ನು ಸಾಮರ್ಥ್ಯ ಎನ್ನುತ್ತೇವೆ. ಕಾಣುವಂಥದ್ದಾದ್ದರಿಂದ ಅದನ್ನು ಅಳೆಯಬಹುದು, ಕಲಿಸಬಹುದು, ತಿದ್ದಬಹುದು.

1997ರಲ್ಲಿ ಕೆನಡಾದ ವ್ಯಾಂಕೂವರಿನಲ್ಲಿ ನಡೆದ ವಿಶ್ವ ಆರೋಗ್ಯ ಸಂಸ್ಥೆಯ ಸಭೆಯು ಫಾರ್ಮಸಿಸ್ಟರ ಏಳು ಪಾತ್ರಗಳನ್ನು ಹೆಸರಿಸಿತು: ಆರೈಕೆ ನೀಡುವವರು, ನಿರ್ಧಾರ ಕೈಗೊಳ್ಳುವವರು, ಸಂವಹನಕಾರರು, ನಿರ್ವಾಹಕರು, ಜೀವನಪೂರ್ತಿ ಕಲಿಯುವವರು, ಕಲಿಸುವವರು ಮತ್ತು ಮುಂದಾಳುಗಳು. ಇದೇ 'ಏಳು ನಕ್ಷತ್ರಗಳ ಫಾರ್ಮಸಿಸ್ಟ್' ಎಂಬ ಹೆಸರಿನಿಂದ ಪ್ರಸಿದ್ಧವಾಯಿತು.

1912ರಲ್ಲಿ ಹೇಗ್ ನಗರದಲ್ಲಿ ಸ್ಥಾಪನೆಯಾದ ಅಂತರರಾಷ್ಟ್ರೀಯ ಫಾರ್ಮಸಿ ಒಕ್ಕೂಟವು 2012ರಲ್ಲಿ ಇದಕ್ಕಿಂತ ವಿವರವಾದ ಜಾಗತಿಕ ಸಾಮರ್ಥ್ಯ ಚೌಕಟ್ಟನ್ನು ಪ್ರಕಟಿಸಿತು. 2020ರಲ್ಲಿ ಅದರ ಎರಡನೆಯ ಆವೃತ್ತಿ ಬಂದಿತು. ಅದರಲ್ಲಿ ನಾಲ್ಕು ವಲಯಗಳಿವೆ: ಸಾರ್ವಜನಿಕ ಆರೋಗ್ಯ, ರೋಗಿಯ ಔಷಧ ಆರೈಕೆ, ಸಂಘಟನೆ ಮತ್ತು ನಿರ್ವಹಣೆ, ವೃತ್ತಿಪರ ಹಾಗೂ ವೈಯಕ್ತಿಕ ನಡವಳಿಕೆ. ಈ ನಾಲ್ಕರ ಕೆಳಗೆ 23 ಸಾಮರ್ಥ್ಯಗಳು, ಅವುಗಳ ಕೆಳಗೆ 124 ವರ್ತನೆಗಳು. ವರ್ತನೆ ಎಂದರೆ ಕೆಲಸದ ಜಾಗದಲ್ಲಿ ನಿಂತು ನೋಡಿದರೆ ಕಣ್ಣಿಗೆ ಕಾಣುವ ಕ್ರಿಯೆ.

ಈ ಚೌಕಟ್ಟು ಯಾವ ದೇಶಕ್ಕೂ ಕಾನೂನಲ್ಲ. ಪ್ರತಿ ದೇಶವೂ ತನ್ನ ಅಗತ್ಯ ನೋಡಿಕೊಂಡು ಹೊಂದಿಸಿಕೊಳ್ಳಲಿ ಎಂಬುದೇ ಅದರ ಉದ್ದೇಶ. ಐರ್ಲೆಂಡ್, ಕ್ರೊಯೇಶಿಯ ಮುಂತಾದ ದೇಶಗಳು ಹಾಗೆಯೇ ಮಾಡಿವೆ.

ಬೀಜ ಹೊರಗಿನದು, ಮಣ್ಣು ನಮ್ಮದು

ಹೊರಗಿನದನ್ನು ಹೊಂದಿಸಿಕೊಳ್ಳುವುದು ಈ ಬೆಟ್ಟಗಳಿಗೆ ಹೊಸತಲ್ಲ. ಬಾಬಾಬುಡನ್ ಅವರು ಯೆಮೆನ್ ದೇಶದಿಂದ ಏಳು ಕಾಫಿ ಬೀಜಗಳನ್ನು ತಂದು ಈ ಗಿರಿಯಲ್ಲಿ ಬಿತ್ತಿದರೆಂಬ ಐತಿಹ್ಯ ನಿಮಗೆ ಗೊತ್ತು. ಆದರೆ ಬೀಜ ತಂದ ಮಾತ್ರಕ್ಕೆ ಕೆಲಸ ಮುಗಿಯಲಿಲ್ಲ. ಇಲ್ಲಿನ ಮಳೆಯಲ್ಲಿ ಎಲೆ ತುಕ್ಕು ರೋಗ ಗಿಡಗಳನ್ನು ಕಾಡಿತು. ಬಾಳೆಹೊನ್ನೂರಿನಲ್ಲಿ 1925ರಲ್ಲಿ ಆರಂಭವಾದ ಕಾಫಿ ಸಂಶೋಧನಾ ಕೇಂದ್ರವು ಎಸ್. 288 ಮತ್ತು ಕೆಂಟ್ ಎಂಬ ತಳಿಗಳನ್ನು ಸಂಕರಗೊಳಿಸಿ, 1940ರ ದಶಕದಲ್ಲಿ ಎಸ್. 795 ತಳಿಯನ್ನು ಬೆಳೆಗಾರರಿಗೆ ನೀಡಿತು. ಗಿಡ ಕಾಫಿಯಾಗಿಯೇ ಉಳಿಯಿತು. ಇಲ್ಲಿನ ರೋಗವನ್ನು ತಾಳಿಕೊಳ್ಳುವ ಗುಣ ಅದಕ್ಕೆ ಸೇರಿತು.

ಮಾನದಂಡಗಳ ವಿಷಯವೂ ಹೀಗೆಯೇ. ಇಂಗ್ಲಿಷಿನಲ್ಲಿರುವ ವಾಕ್ಯವನ್ನು ಕನ್ನಡಕ್ಕೆ ಭಾಷಾಂತರಿಸಿದರೆ ಅದು ಅಳವಡಿಕೆಯಾಗುವುದಿಲ್ಲ. ಪ್ರತಿಯೊಂದು ವಾಕ್ಯಕ್ಕೂ ನಾಲ್ಕು ಪ್ರಶ್ನೆ ಹಾಕಬೇಕು. ಇಲ್ಲಿ ಈ ಕೆಲಸ ಯಾರು ಮಾಡುತ್ತಾರೆ? ಯಾವ ಸೌಲಭ್ಯ ಇಟ್ಟುಕೊಂಡು ಮಾಡುತ್ತಾರೆ? ನಮ್ಮ ಕಾನೂನು ಏನು ಹೇಳುತ್ತದೆ? ಕೆಲಸ ಸರಿಯಾಗಿ ಆಯಿತೆಂದು ತಿಳಿಯುವುದು ಹೇಗೆ? ಮೂರು ಉದಾಹರಣೆಗಳಿಂದ ಇದನ್ನು ಪರಿಶೀಲಿಸೋಣ.

ಮೊದಲನೆಯದು: ಜ್ವರ

ರೋಗಲಕ್ಷಣ ವಿಚಾರಿಸಿ, ಅಗತ್ಯವಿದ್ದರೆ ರೋಗಿಯನ್ನು ವೈದ್ಯರ ಬಳಿ ಕಳಿಸಬೇಕು ಎಂಬುದು ಎಲ್ಲ ದೇಶಗಳ ಮಾನದಂಡಗಳಲ್ಲೂ ಇರುವ ಮಾತು. ಆದರೆ ಯಾವ ಲಕ್ಷಣಕ್ಕೆ ಬೆಚ್ಚಬೇಕು ಎಂಬುದು ಊರಿಂದ ಊರಿಗೆ ಬೇರೆ.

ಮಲೆನಾಡಿನ ಜ್ವರ ಹಲವು ಬಗೆಯದು. ಮಳೆಗಾಲದಲ್ಲಿ ಡೆಂಗ್ಯೂ ಮತ್ತು ಇಲಿ ಜ್ವರ ಹೆಚ್ಚು. ಮಳೆ ನಿಂತ ಮೇಲೆ, ಸುಮಾರು ಡಿಸೆಂಬರಿನಿಂದ ಮೇ ತಿಂಗಳವರೆಗೆ, ಉಣ್ಣೆಗಳಿಂದ ಹರಡುವ ಮಂಗನ ಕಾಯಿಲೆಯ ಕಾಲ. 1957ರಲ್ಲಿ ಶಿವಮೊಗ್ಗ ಜಿಲ್ಲೆಯ ಸೊರಬ ತಾಲ್ಲೂಕಿನ ಕ್ಯಾಸನೂರು ಕಾಡಿನಲ್ಲಿ ಮೊದಲು ಗುರುತಿಸಲಾದ ಈ ರೋಗ ಚಿಕ್ಕಮಗಳೂರು ಜಿಲ್ಲೆಯ ಕೊಪ್ಪ, ನರಸಿಂಹರಾಜಪುರ, ಶೃಂಗೇರಿ ತಾಲ್ಲೂಕುಗಳಲ್ಲಿ ಕಾಣಿಸಿಕೊಂಡಿದೆ. ಇದಕ್ಕೆ ನೀಡುತ್ತಿದ್ದ ಹಳೆಯ ಲಸಿಕೆಯ ಬಳಕೆ 2022ರಲ್ಲಿ ನಿಂತಿತು. ಆದ್ದರಿಂದ ರೋಗವನ್ನು ಬೇಗ ಗುರುತಿಸುವುದು ಇನ್ನಷ್ಟು ಮುಖ್ಯವಾಯಿತು.

ಡೆಂಗ್ಯೂ ಮತ್ತು ಮಂಗನ ಕಾಯಿಲೆಗಳಲ್ಲಿ ರಕ್ತಸ್ರಾವದ ಅಪಾಯವಿದೆ. ಆಸ್ಪಿರಿನ್, ಐಬುಪ್ರೊಫೆನ್, ಡೈಕ್ಲೊಫಿನಾಕ್ ಮುಂತಾದ ನೋವು ನಿವಾರಕಗಳು ರಕ್ತದ ಕಿರುಬಿಲ್ಲೆಗಳು ಒಂದಕ್ಕೊಂದು ಅಂಟಿಕೊಳ್ಳುವುದನ್ನು ತಡೆಯುತ್ತವೆ. ಅಂದರೆ ರಕ್ತಸ್ರಾವವನ್ನು ಹೆಚ್ಚಿಸುತ್ತವೆ. ಇಲಿ ಜ್ವರದಲ್ಲಿ ಮೂತ್ರಪಿಂಡಗಳಿಗೆ ಮೊದಲೇ ಹಾನಿಯಾಗಿರಬಹುದು. ಈ ಮಾತ್ರೆಗಳು ಅದನ್ನು ಇನ್ನೂ ಕೆಡಿಸಬಲ್ಲವು. ಮೈಕೈ ನೋವಿಗೆ ಕೇಳಿ ಪಡೆದ 'ಒಳ್ಳೆ ಮಾತ್ರೆ' ಪ್ರಾಣಕ್ಕೇ ಎರವಾಗಬಹುದು.

ಹಾಗಾದರೆ ನಮ್ಮ ಬೆಟ್ಟದ ಮಾನದಂಡದಲ್ಲಿ ಈ ವಾಕ್ಯ ಹೇಗಿರಬೇಕು? ಜ್ವರವೆಂದು ಬಂದವರನ್ನು ಫಾರ್ಮಸಿಸ್ಟರು ಈ ಪ್ರಶ್ನೆಗಳನ್ನು ಕೇಳಬೇಕು: ಎಷ್ಟು ದಿನವಾಯಿತು? ಸೊಪ್ಪು, ಸೌದೆ, ತರಗೆಲೆ ತರಲು ಕಾಡಿಗೆ ಹೋಗಿದ್ದಿರಾ? ಸುತ್ತಮುತ್ತ ಮಂಗ ಸತ್ತಿದ್ದನ್ನು ಕಂಡಿರಾ? ಕಾಲಿನಲ್ಲಿ ಗಾಯವಿದ್ದು ಗದ್ದೆಯ ಅಥವಾ ನಿಂತ ನೀರಿನಲ್ಲಿ ಕೆಲಸ ಮಾಡಿದಿರಾ? ವಸಡಿನಲ್ಲಿ, ಮೂಗಿನಲ್ಲಿ ರಕ್ತ ಬಂದಿದೆಯೆ? ಕಣ್ಣು ಕೆಂಪಾಗಿದೆಯೆ, ಮೀನಖಂಡ ನೋಯುತ್ತಿದೆಯೆ, ಮೂತ್ರ ಕಡಿಮೆಯಾಗಿದೆಯೆ? ಯಾವುದಾದರೊಂದಕ್ಕೆ 'ಹೌದು' ಎಂದರೆ ಅದೇ ದಿನ ಆಸ್ಪತ್ರೆಗೆ ಕಳಿಸಬೇಕು. ಎಲ್ಲಕ್ಕೂ 'ಇಲ್ಲ' ಎಂದರೂ ಪ್ಯಾರಸಿಟಮಾಲ್ ಮಾತ್ರ ಕೊಟ್ಟು, ಜ್ವರ ಮುಂದುವರಿದರೆ ರಕ್ತ ಪರೀಕ್ಷೆ ಮಾಡಿಸಲು ಹೇಳಬೇಕು. ಇಷ್ಟು ಕೇಳಲು ಎರಡು ನಿಮಿಷ ಸಾಕು.

ಇಲ್ಲಿ ಇನ್ನೊಂದು ತೊಡಕಿದೆ. 1945ರ ಔಷಧ ನಿಯಮಗಳ 'ಕೆ' ಅನುಸೂಚಿಯ ಪ್ರಕಾರ, ಸಾವಿರಕ್ಕಿಂತ ಹೆಚ್ಚು ಜನಸಂಖ್ಯೆ ಇಲ್ಲದ ಹಳ್ಳಿಗಳಲ್ಲಿ ಕೆಲವು ಮನೆಮದ್ದುಗಳನ್ನು ಪರವಾನಗಿ ಇಲ್ಲದೆ ಮಾರಬಹುದು. ಆ ಪಟ್ಟಿಯಲ್ಲಿ ಪ್ಯಾರಸಿಟಮಾಲ್ ಜೊತೆಗೆ ಆಸ್ಪಿರಿನ್ ಕೂಡ ಇದೆ. ದೂರದ ಹಳ್ಳಿಗಳಿಗೆ ಇದು ಅನುಕೂಲವೇ. ಆದರೆ ಕಾಡಂಚಿನ ಸಣ್ಣ ಹಳ್ಳಿಗಳೇ ಮಂಗನ ಕಾಯಿಲೆಯ ನೆಲೆಯೂ ಹೌದು. ಹೊರದೇಶದ ಮಾನದಂಡವು ಮಾತ್ರೆ ಇರುವ ಕಡೆ ಫಾರ್ಮಸಿಸ್ಟ್ ಇರುತ್ತಾರೆಂದು ಭಾವಿಸಿಕೊಂಡಿರುತ್ತದೆ. ನಮ್ಮಲ್ಲಿ ಮಾತ್ರೆ ಕಿರಾಣಿ ಅಂಗಡಿಯಲ್ಲೂ ಇರುತ್ತದೆ. ಆದುದರಿಂದ 'ಕಲಿಸುವವರು' ಎಂಬ ಪಾತ್ರಕ್ಕೆ ಇಲ್ಲಿ ವಿಶೇಷ ಅರ್ಥ ಬರುತ್ತದೆ. ಪೇಟೆಯ ಫಾರ್ಮಸಿಸ್ಟರು ಕಿರಾಣಿ ಅಂಗಡಿಯವರಿಗೆ, ಆಶಾ ಕಾರ್ಯಕರ್ತೆಯರಿಗೆ, ತೋಟದ ರೈಟರುಗಳಿಗೆ 'ಜ್ವರಕ್ಕೆ ಆಸ್ಪಿರಿನ್ ಬೇಡ' ಎಂಬ ಒಂದು ಮಾತನ್ನಾದರೂ ತಲುಪಿಸಬೇಕು.

ಎರಡನೆಯದು: ಮಾತು ಮತ್ತು ಅಳತೆ

ರೋಗಿಗೆ ಅರ್ಥವಾಗುವಂತೆ ಔಷಧದ ವಿವರ ನೀಡಬೇಕು ಎಂಬುದು ಎರಡನೆಯ ವಾಕ್ಯ. ಭಾರತೀಯ ಫಾರ್ಮಸಿ ಪರಿಷತ್ತಿನ 2015ರ ಫಾರ್ಮಸಿ ವೃತ್ತಿ ನಿಯಮಗಳು ಇದನ್ನು ಕರ್ತವ್ಯವೆಂದೇ ಹೇಳಿವೆ. ಔಷಧದ ಹೆಸರು, ಪ್ರಮಾಣ, ಎಷ್ಟು ದಿನ, ಏಕೆ, ಅಡ್ಡ ಪರಿಣಾಮಗಳೇನು, ಹೇಗೆ ಇಡಬೇಕು, ಒಂದು ಹೊತ್ತು ತಪ್ಪಿದರೆ ಏನು ಮಾಡಬೇಕು ಎಂಬುದನ್ನೆಲ್ಲ ತಿಳಿಸಬೇಕು.

ಕಾಫಿ ತೋಟದ ಲೈನ್ ಮನೆಗಳಲ್ಲಿ ಕನ್ನಡ, ತುಳು, ತಮಿಳು ಮಾತಾಡುವವರ ಜೊತೆ ಈಗ ಅಸ್ಸಾಂ, ಬಂಗಾಳದ ಕಡೆಯಿಂದ ಬಂದವರೂ ಇದ್ದಾರೆ. ಕನ್ನಡದಲ್ಲಿ ಚಂದವಾಗಿ ಬರೆದ ಚೀಟಿ ಇವರಲ್ಲಿ ಹಲವರಿಗೆ ನಿರುಪಯೋಗಿ. ಬೆಳಗಿಗೆ ಸೂರ್ಯನ ಚಿತ್ರ, ರಾತ್ರಿಗೆ ಚಂದ್ರನ ಚಿತ್ರ, ಎಷ್ಟು ಮಾತ್ರೆಯೋ ಅಷ್ಟು ಚುಕ್ಕೆ ಹಾಕಿದರೆ ಯಾವ ಭಾಷೆಯವರಿಗೂ ತಿಳಿಯುತ್ತದೆ. ಆದರೆ ಚಿತ್ರ ತೋರಿಸಿದ ಮಾತ್ರಕ್ಕೆ ಸಾಲದು. 'ಮನೆಗೆ ಹೋಗಿ ಹೇಗೆ ಕೊಡುತ್ತೀರಿ, ಒಮ್ಮೆ ಹೇಳಿ' ಎಂದು ಕೇಳಬೇಕು. ಕೇಳಿದವರು ಸರಿಯಾಗಿ ತಿರುಗಿ ಹೇಳಿದಾಗ ಮಾತ್ರ ಹೇಳಿದ್ದು ತಲುಪಿದಂತೆ. ಇದು ಕಣ್ಣಿಗೆ ಕಾಣುವ ವರ್ತನೆ, ಅಳೆಯಬಹುದು.

'ಒಂದು ಚಮಚ' ಎಂಬ ಮಾತಿನ ಅಪಾಯವನ್ನು ಒಂದು ಲೆಕ್ಕದಿಂದ ತಿಳಿಯೋಣ. ಪ್ಯಾರಸಿಟಮಾಲ್ ಸೇವನಾ ಪ್ರಮಾಣ ಮಕ್ಕಳಲ್ಲಿ ದೇಹತೂಕದ ಪ್ರತಿ ಕಿಲೋಗ್ರಾಂಗೆ ಒಮ್ಮೆಗೆ 15 ಮಿ.ಗ್ರಾಂ ಎಂದು ತೆಗೆದುಕೊಳ್ಳೋಣ. ಮಗುವಿನ ತೂಕ 10 ಕಿ.ಗ್ರಾಂ ಆದರೆ ಬೇಕಾದದ್ದು 150 ಮಿ.ಗ್ರಾಂ. ಅಂಗಡಿಯಲ್ಲಿ ಸಿಗುವ ಒಂದು ಸಿರಪ್ಪಿನಲ್ಲಿ 5 ಮಿ.ಲೀ.ಗೆ 125 ಮಿ.ಗ್ರಾಂ ಇರುತ್ತದೆ, ಅದನ್ನು 6 ಮಿ.ಲೀ. ಕೊಡಬೇಕು. ಇನ್ನೊಂದರಲ್ಲಿ 5 ಮಿ.ಲೀ.ಗೆ 250 ಮಿ.ಗ್ರಾಂ, ಅದು 3 ಮಿ.ಲೀ. ಸಾಕು. ಎಳೆಯ ಮಕ್ಕಳ ಹನಿ ಔಷಧದಲ್ಲಿ 1 ಮಿ.ಲೀ.ಗೇ 100 ಮಿ.ಗ್ರಾಂ, ಅದು 1.5 ಮಿ.ಲೀ. ಮಾತ್ರ. ಈ ಹನಿ ಔಷಧವನ್ನೇ 5 ಮಿ.ಲೀ. ಚಮಚ ತುಂಬ ಕುಡಿಸಿದರೆ ಮಗುವಿನ ಹೊಟ್ಟೆಗೆ ಹೋಗುವುದು 500 ಮಿ.ಗ್ರಾಂ, ಅಂದರೆ ಬೇಕಾದದ್ದರ ಮೂರು ಪಟ್ಟಿಗೂ ಹೆಚ್ಚು. ಅತಿಯಾದ ಪ್ಯಾರಸಿಟಮಾಲ್ ಯಕೃತ್ತಿಗೆ ಮಾರಕ. ಅಡುಗೆಮನೆಯ ಚಮಚಗಳೂ ಒಂದೇ ಅಳತೆಯವಲ್ಲ. ಹೀಗಾಗಿ ಅಳತೆಯ ಮುಚ್ಚಳದಲ್ಲೋ ಪಿಚಕಾರಿಯಲ್ಲೋ ಗೆರೆ ತೋರಿಸಿ ಕೊಡುವುದು ಮಾನದಂಡದ ಭಾಗವಾಗಬೇಕು.

ಮೂರನೆಯದು: ದಾಸ್ತಾನು

ಔಷಧಗಳನ್ನು ಸೂಕ್ತ ಸ್ಥಿತಿಯಲ್ಲಿ ಶೇಖರಿಸಬೇಕು ಎಂಬುದು ಮೂರನೆಯ ವಾಕ್ಯ. ಇನ್ಸುಲಿನ್, ಲಸಿಕೆಗಳಿಗೆ 2ರಿಂದ 8 ಡಿಗ್ರಿ ಸೆಲ್ಸಿಯಸ್ ಬೇಕು. ಈ ನಿಯಮ ಬರೆದವರ ಮನಸ್ಸಿನಲ್ಲಿ ದಿನವಿಡೀ ವಿದ್ಯುತ್ ಇರುವ ಅಂಗಡಿ ಇದ್ದಿರಬಹುದು. ಮರ ಬಿದ್ದು ತಂತಿ ಹರಿದು, ಒಳ ಊರುಗಳಲ್ಲಿ ದಿನಗಟ್ಟಲೆ ವಿದ್ಯುತ್ ಇಲ್ಲದಿರುವುದು ಇಲ್ಲಿನ ಮಳೆಗಾಲದ ವಾಡಿಕೆ. ಹಾಗೆಂದು ಸಂಖ್ಯೆಯನ್ನು ಬದಲಿಸಲಾಗದು. ಇನ್ಸುಲಿನ್ ಅಣುವಿಗೆ ಊರಿನ ಕಷ್ಟ ತಿಳಿಯದು. ಬದಲಾಗಬೇಕಾದದ್ದು ವಿಧಾನ. ಮಳೆಗಾಲದಲ್ಲಿ ಕಡಿಮೆ ದಾಸ್ತಾನು ಇಡುವುದು, ಐಸ್ ಪ್ಯಾಕ್ ಇರುವ ಶೀತ ಪೆಟ್ಟಿಗೆ ಸಿದ್ಧವಿಡುವುದು, ಉಷ್ಣತಾಮಾಪಕವನ್ನು ದಿನಕ್ಕೆ ಎರಡು ಬಾರಿ ನೋಡಿ ಬರೆದಿಡುವುದು, ಹಾಳಾದದ್ದನ್ನು ಮಾರದಿರುವುದು.

ರೋಗಿಗಳಿಗೆ ಹೇಳುವ ಸಲಹೆಯೂ ಊರಿಗೆ ತಕ್ಕಂತಿರಬೇಕು. ಫ್ರಿಜ್ ಇಲ್ಲದವರು, ಬಳಕೆಯಲ್ಲಿರುವ ಇನ್ಸುಲಿನ್ ಬಾಟಲಿಯನ್ನು ಒದ್ದೆ ಮಣ್ಣಿನ ಮಡಕೆಯಲ್ಲಿ ಇಡಿ ಎಂಬ ಸಲಹೆ ಪ್ರಸಿದ್ಧ. ನೀರು ಆವಿಯಾಗುವಾಗ ಮಡಕೆಯ ಶಾಖವನ್ನು ಹೀರಿಕೊಳ್ಳುವುದರಿಂದ ಒಳಗೆ ತಂಪಾಗುತ್ತದೆ. ಕಡೂರಿನ ಒಣ ಬೇಸಗೆಯಲ್ಲಿ ಇದು ಚೆನ್ನಾಗಿ ಕೆಲಸ ಮಾಡುತ್ತದೆ. ಕಳಸದ ಮಳೆಗಾಲದಲ್ಲಿ ಗಾಳಿಯೇ ನೀರಾವಿಯಿಂದ ತುಂಬಿರುವಾಗ ಮಡಕೆಯ ನೀರು ಆವಿಯಾಗುವುದು ಬಲು ನಿಧಾನ. ಆದರೆ ಆಗ ಹವೆಯೇ ತಂಪಾಗಿರುವುದರಿಂದ ಬಿಸಿಲು, ಒಲೆಗಳಿಂದ ದೂರ ಇಟ್ಟರೆ ಸಾಕು. ತೆರೆದ ಬಾಟಲಿಯನ್ನು ಹಾಗೆ ಸುಮಾರು ನಾಲ್ಕು ವಾರ ಬಳಸಬಹುದು. ಒಂದೇ ಜಿಲ್ಲೆಯಲ್ಲಿ ಎರಡು ಸಲಹೆ ಬೇಕಾಯಿತು ಎಂಬುದನ್ನು ಗಮನಿಸಿ. ಮಡಕೆ 2ರಿಂದ 8 ಡಿಗ್ರಿಗೆ ಇಳಿಯಲಾರದು. ಆದ್ದರಿಂದ ತೆರೆಯದ ಬಾಟಲಿಗಳ ದೀರ್ಘ ದಾಸ್ತಾನಿಗೆ ಅದು ಎಲ್ಲಿಯೂ ತಕ್ಕದ್ದಲ್ಲ.

ಇಲ್ಲಿ ಶಾಖಕ್ಕಿಂತ ತೇವವೇ ದೊಡ್ಡ ಶತ್ರು. ಆಸ್ಪಿರಿನ್ ನೀರಿನೊಡನೆ ವರ್ತಿಸಿ ಸ್ಯಾಲಿಸಿಲಿಕ್ ಆಮ್ಲ ಮತ್ತು ಅಸಿಟಿಕ್ ಆಮ್ಲಗಳಾಗಿ ಒಡೆಯುತ್ತದೆ. ಹಳೆಯ ಆಸ್ಪಿರಿನ್ ಡಬ್ಬಿ ತೆರೆದಾಗ ವಿನೆಗರ್ ವಾಸನೆ ಬಂದರೆ ಕಾರಣ ಇದೇ. ಮಾತ್ರೆಗಳನ್ನು ಪಟ್ಟಿಯಿಂದ ಬಿಡಿಸಿ ಕಾಗದದ ಪೊಟ್ಟಣದಲ್ಲಿ ಕಟ್ಟಿಕೊಡುವ ರೂಢಿ ಮಲೆನಾಡಿನಲ್ಲಿ ಹೆಚ್ಚು ಹಾನಿಕರ.

ಬದಲಿಸಬಾರದ್ದು ಯಾವುದು?

ಅಳವಡಿಕೆಯ ಹೆಸರಿನಲ್ಲಿ ಮಾನದಂಡವನ್ನು ಕುಗ್ಗಿಸುವ ಅಪಾಯ ಯಾವಾಗಲೂ ಇದೆ. 'ನಮ್ಮಲ್ಲಿ ಇದೆಲ್ಲ ನಡೆಯುವುದಿಲ್ಲ' ಎಂಬ ಮಾತು ಅಳವಡಿಕೆಯಲ್ಲ, ಶರಣಾಗತಿ. ಪದ, ಉಪಕರಣ, ಆದ್ಯತೆ, ವಿಧಾನ ಇವು ಬದಲಾಗಬಹುದು. ರೋಗಿಯ ಸುರಕ್ಷತೆ ಬದಲಾಗಬಾರದು.

ಅದರ ಮೊದಲ ಮೆಟ್ಟಿಲೆಂದರೆ ಫಾರ್ಮಸಿಸ್ಟರು ಅಂಗಡಿಯಲ್ಲಿ ಇರುವುದು. 1948ರ ಫಾರ್ಮಸಿ ಕಾಯ್ದೆಯ 42ನೆಯ ಕಲಮು, ವೈದ್ಯರ ಚೀಟಿಯ ಮೇಲೆ ಔಷಧ ವಿತರಿಸುವ ಕೆಲಸವನ್ನು ನೋಂದಾಯಿತ ಫಾರ್ಮಸಿಸ್ಟರಿಗೆ ಮಾತ್ರ ಮೀಸಲಿಟ್ಟಿದೆ. ಗೋಡೆಯ ಮೇಲೆ ಪ್ರಮಾಣಪತ್ರ ತೂಗಿ, ಅದರ ಒಡೆಯರು ಬೇರೆಲ್ಲೋ ಇದ್ದರೆ 124 ವರ್ತನೆಗಳಲ್ಲಿ ಒಂದನ್ನೂ ಅಳೆಯಲಾಗದು.

ಇನ್ನೂ ಕೆಲವು ಕರ್ತವ್ಯಗಳು ಕಾನೂನಿನಲ್ಲೇ ಇವೆ. 2014ರ ಮಾರ್ಚ್ 1ರಿಂದ ಜಾರಿಯಾದ 'ಎಚ್ 1' ಅನುಸೂಚಿಯಲ್ಲಿ ಕ್ಷಯದ ಔಷಧಗಳು ಮತ್ತು ಕೆಲವು ಪ್ರಬಲ ಪ್ರತಿಜೈವಿಕಗಳಿವೆ. ಅವನ್ನು ಕೊಟ್ಟಾಗ ವೈದ್ಯರ, ರೋಗಿಯ ಹೆಸರು ಹಾಗೂ ಔಷಧದ ಪ್ರಮಾಣವನ್ನು ಪ್ರತ್ಯೇಕ ಪುಸ್ತಕದಲ್ಲಿ ದಾಖಲಿಸಿ ಮೂರು ವರ್ಷ ಇಡಬೇಕು. 2018ರ ಅಧಿಸೂಚನೆಯಂತೆ ಕ್ಷಯದ ಔಷಧ ಮಾರುವ ಅಂಗಡಿಗಳೂ ರೋಗಿಗಳ ಮಾಹಿತಿಯನ್ನು ಆರೋಗ್ಯ ಇಲಾಖೆಗೆ ತಿಳಿಸಬೇಕು. ಔಷಧದಿಂದ ತೊಂದರೆಯಾದರೆ ವರದಿ ಮಾಡಲು 2010ರಲ್ಲಿ ಆರಂಭವಾದ ರಾಷ್ಟ್ರೀಯ ಔಷಧ ಜಾಗೃತಿ ಕಾರ್ಯಕ್ರಮವಿದೆ. ಅದರ ಉಚಿತ ದೂರವಾಣಿ 1800-180-3024.

ಕರ್ನಾಟಕದ ಅನುಭವ

ಹೊರಗಿನ ಪದ್ಧತಿಯನ್ನು ಹೊಂದಿಸಿಕೊಂಡ ನಿದರ್ಶನ ನಮ್ಮ ರಾಜ್ಯದಲ್ಲೇ ಇದೆ. 1990ರ ದಶಕದ ಉತ್ತರಾರ್ಧದಲ್ಲಿ ಮೈಸೂರಿನ ಜೆ.ಎಸ್.ಎಸ್. ಫಾರ್ಮಸಿ ಕಾಲೇಜು ಆಸ್ಟ್ರೇಲಿಯದ ಅಡಿಲೇಡಿನ ರಿಪೇಟ್ರಿಯೇಶನ್ ಜನರಲ್ ಆಸ್ಪತ್ರೆಯ ನೆರವಿನಿಂದ ಫಾರ್ಮಸಿ ಪ್ರಾಕ್ಟೀಸ್ ಎಂಬ ಸ್ನಾತಕೋತ್ತರ ಶಿಕ್ಷಣವನ್ನು ಬೆಳೆಸಿತು. ವಿದ್ಯಾರ್ಥಿಗಳು ಪ್ರಯೋಗಾಲಯದಿಂದ ಹೊರಬಂದು ಆಸ್ಪತ್ರೆಯ ವಾರ್ಡುಗಳಿಗೆ ಹೋದರು. ಆ ಅನುಭವದ ಫಲವಾಗಿ ಜಿ. ಪಾರ್ಥಸಾರಥಿ, ಕರಿನ್ ನೈಫೋರ್ಟ್-ಹ್ಯಾನ್ಸನ್ ಮತ್ತು ಮಿಲಪ್ ನಹತಾ ಅವರು ಸಂಪಾದಿಸಿದ ಕ್ಲಿನಿಕಲ್ ಫಾರ್ಮಸಿ ಪಠ್ಯಪುಸ್ತಕ 2004ರಲ್ಲಿ ಹೊರಬಂದಿತು. ಕರ್ನಾಟಕ ರಾಜ್ಯ ಫಾರ್ಮಸಿ ಪರಿಷತ್ತು 1997ರಲ್ಲಿ ಬೆಂಗಳೂರಿನಲ್ಲಿ ಔಷಧ ಮಾಹಿತಿ ಕೇಂದ್ರ ತೆರೆಯಿತು. 2008ರಲ್ಲಿ ದೇಶದಲ್ಲಿ ಆರು ವರ್ಷಗಳ ಫಾರ್ಮ್.ಡಿ. ಶಿಕ್ಷಣ ಆರಂಭವಾಯಿತು.

ಆದರೆ ಬೆಟ್ಟದ ಪೇಟೆಗಳ ಅಂಗಡಿಗಳನ್ನು ಬಹುಮಟ್ಟಿಗೆ ನಡೆಸುವವರು ಎರಡು ವರ್ಷಗಳ ಡಿ.ಫಾರ್ಮ್. ಓದಿದವರು. ಅವರಿಗಾಗಿ 2020ರಲ್ಲಿ ಬಂದ ಹೊಸ ಶಿಕ್ಷಣ ನಿಯಮಗಳ ಪಠ್ಯಕ್ರಮವು ಚೀಟಿ ಪರಿಶೀಲನೆ, ವಿತರಣೆ, ರೋಗಿಗೆ ತಿಳಿವಳಿಕೆ, ನಿರ್ವಹಣೆ, ಪ್ರಾಥಮಿಕ ಆರೋಗ್ಯ ಮುಂತಾದ ಸಾಮರ್ಥ್ಯಗಳನ್ನು ಹೆಸರಿಸಿದೆ. ಚೌಕಟ್ಟು ಇಲ್ಲಿದೆ. ಅದರಲ್ಲಿ ಮಂಗನ ಕಾಯಿಲೆ, ಇಲಿ ಜ್ವರ, ಲೈನ್ ಮನೆ, ಮಳೆಗಾಲ ಇವನ್ನು ತುಂಬಬೇಕಾದವರು ಸ್ಥಳೀಯ ಅಧ್ಯಾಪಕರು, ವೈದ್ಯರು ಮತ್ತು ಔಷಧಿ ಅಂಗಡಿಯವರೇ.

ನೀವೇ ಮಾಡಿ ನೋಡಿ

ಸಾಮರ್ಥ್ಯವನ್ನು ಅಳೆಯಲು ದುಬಾರಿ ಉಪಕರಣ ಬೇಕಿಲ್ಲ. ವಿಶ್ವ ಆರೋಗ್ಯ ಸಂಸ್ಥೆ 1993ರಲ್ಲಿ ಕೆಲವು ಸರಳ ಸೂಚಕಗಳನ್ನು ಕೊಟ್ಟಿದೆ. ಒಬ್ಬ ರೋಗಿಗೆ ಔಷಧ ವಿತರಿಸಲು ತೆಗೆದುಕೊಂಡ ಸರಾಸರಿ ಸಮಯ, ಸರಿಯಾಗಿ ವಿವರ ಬರೆದು ಕೊಟ್ಟ ಔಷಧಗಳ ಶೇಕಡ ಪ್ರಮಾಣ, ಔಷಧ ಪಡೆದು ಹೊರಬಂದವರಲ್ಲಿ ಸೇವನಾ ಪ್ರಮಾಣ ಸರಿಯಾಗಿ ಹೇಳಬಲ್ಲವರ ಶೇಕಡ ಪ್ರಮಾಣ, ಇವು ಅವುಗಳಲ್ಲಿ ಕೆಲವು.

ಅಧ್ಯಾಪಕರೇ, ನಿಮ್ಮ ವಿದ್ಯಾರ್ಥಿಗಳಿಗೆ ಮನೆಯ ಐದು ಚಮಚಗಳ ಅಳತೆಯನ್ನು ಪ್ರಯೋಗಾಲಯದ ಅಳತೆ ಜಾಡಿಯಲ್ಲಿ ನೋಡಲು ಹೇಳಿ. ಎಷ್ಟು ಮಿ.ಲೀ. ವ್ಯತ್ಯಾಸ ಬರುತ್ತದೆಂದು ಪಟ್ಟಿ ಮಾಡಿಸಿ. ಅನಂತರ ಸ್ಥಳೀಯ ಔಷಧಿ ಅಂಗಡಿಯವರ ಒಪ್ಪಿಗೆ ಪಡೆದು, ಗಿರಾಕಿಗಳ ಹೆಸರು, ರೋಗಗಳನ್ನು ಕೇಳದೆ ಒಂದು ಗಂಟೆ ಸಮಯದ ಲೆಕ್ಕ ಮಾತ್ರ ಹಾಕಲಿ. ಬಂದ ಫಲಿತಾಂಶವನ್ನು ಅಂಗಡಿಯವರಿಗೂ ತೋರಿಸಿ. ತಪ್ಪು ಹುಡುಕುವುದು ಇದರ ಉದ್ದೇಶವಲ್ಲ, ಮುಂದಿನ ತಿಂಗಳು ಅದೇ ಅಳತೆ ಸುಧಾರಿಸಿದೆಯೆ ಎಂದು ನೋಡುವುದು.

ಈಗ ಕಳಸದ ಆ ಕೆಲಸಗಾರರ ವಿಷಯಕ್ಕೆ ಮರಳೋಣ. ಅಂಗಡಿಯವರು ಎರಡು ನಿಮಿಷ ಮಾತಾಡಿಸಿದರು. ಕಣ್ಣು ಕೆಂಪಾಗಿತ್ತು, ಮೀನಖಂಡ ನೋಯುತ್ತಿತ್ತು, ಕಾಲಿನಲ್ಲಿ ಗಾಯವಿತ್ತು. ಡೈಕ್ಲೊಫಿನಾಕ್ ಕೊಡಲಿಲ್ಲ, ಇಲಿ ಜ್ವರದ ಅನುಮಾನವೆಂದು ಚೀಟಿಯಲ್ಲಿ ಬರೆದು ಸರ್ಕಾರಿ ಆಸ್ಪತ್ರೆಗೆ ಕಳಿಸಿದರು. ಬಸ್ಸು ತಪ್ಪಿತು. ಆದರೆ ಮಾನದಂಡ ಪಾಲನೆಯಾಯಿತು.